ಮಂಡಿ ಕೀಲು ಬದಲಾವಣೆಯ ನಂತರ ಸ್ನಾಯುರಜ್ಜು ಹರಿದಾಗ: ಶಸ್ತ್ರಚಿಕಿತ್ಸೆ ಮತ್ತು ಆರೈಕೆ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಸಂಧಿವಾತ ಹಾಗೂ ಮಂಡಿ ಸವೆತದಿಂದ ಬಳಲುತ್ತಿರುವ ಹಿರಿಯ ನಾಗರಿಕರಿಗೆ ಮಂಡಿ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಯು ಇಂದು ಸಾಮಾನ್ಯ ಚಿಕಿತ್ಸೆಯಾಗಿದೆ. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಹುತೇಕರು ನೋವಿನಿಂದ ಮುಕ್ತರಾಗಿ ನಡೆದಾಡುತ್ತಾರೆ. ಆದರೆ ಅತ್ಯಲ್ಪ ಸಂಖ್ಯೆಯ ರೋಗಿಗಳಲ್ಲಿ, ಕೃತಕ ಕೀಲು ಸುಸ್ಥಿತಿಯಲ್ಲಿದ್ದರೂ, ಮಂಡಿಯನ್ನು ನೇರವಾಗಿಸುವ ಸ್ನಾಯುರಜ್ಜು ಹರಿಯುವ ಸಂಭವವಿರುತ್ತದೆ. ಇದು ವಿರಳವಾದ ತೊಂದರೆ. ಆದರೂ ಸಕಾಲದಲ್ಲಿ ಗುರುತಿಸದಿದ್ದಲ್ಲಿ ರೋಗಿಯು ಮೆಟ್ಟಿಲು ಹತ್ತುವ, ಕುರ್ಚಿಯಿಂದ ಏಳುವ ಹಾಗೂ ಆಸರೆಯಿಲ್ಲದೆ ನಡೆಯುವ ಸಾಮರ್ಥ್ಯವನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು.

ಈ ತೊಂದರೆಯ ಲಕ್ಷಣಗಳು, ತಪಾಸಣೆ, ಶಸ್ತ್ರಚಿಕಿತ್ಸೆಯ ವಿಧಾನಗಳು, ನಂತರದ ಆರೈಕೆ ಮತ್ತು ಸೌಲಭ್ಯ ಪಡೆಯಲು ಬೇಕಾದ ದಾಖಲೆಗಳ ವಿವರವನ್ನು ರೋಗಿಗಳ ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಮಂಡಿಯನ್ನು ನೇರವಾಗಿಸುವ ವ್ಯವಸ್ಥೆ

ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಎಂಬ ದೊಡ್ಡ ಸ್ನಾಯು ಇದೆ. ಈ ಸ್ನಾಯುವು ಕೆಳಭಾಗದಲ್ಲಿ ಗಟ್ಟಿಯಾದ ರಜ್ಜುವಾಗಿ ಮಂಡಿಚಿಪ್ಪಿನ ಮೇಲಂಚಿಗೆ ಸೇರುತ್ತದೆ. ಇದನ್ನು ಈ ಲೇಖನದಲ್ಲಿ ‘ಮೇಲಿನ ರಜ್ಜು’ ಎಂದು ಕರೆಯಲಾಗಿದೆ. ಮಂಡಿಚಿಪ್ಪಿನ ಕೆಳಂಚಿನಿಂದ ಹೊರಡುವ ಇನ್ನೊಂದು ರಜ್ಜು ಮಂಡಿಯ ಕೆಳಗಿರುವ ಟಿಬಿಯಾ ಮೂಳೆಯ ಮುಂಭಾಗದ ಉಬ್ಬಿಗೆ ಅಂಟಿಕೊಂಡಿರುತ್ತದೆ. ಇದನ್ನು ‘ಕೆಳಗಿನ ರಜ್ಜು’ ಎಂದು ಕರೆಯಲಾಗಿದೆ. ಸ್ನಾಯು, ಮೇಲಿನ ರಜ್ಜು, ಮಂಡಿಚಿಪ್ಪು, ಕೆಳಗಿನ ರಜ್ಜು ಮತ್ತು ಮೂಳೆಯ ಉಬ್ಬು, ಇವು ಒಂದೇ ಸರಪಳಿಯ ಕೊಂಡಿಗಳಿದ್ದಂತೆ. ಇವುಗಳಲ್ಲಿ ಯಾವುದೇ ಒಂದು ಕೊಂಡಿ ಕಳಚಿದರೂ ಕಾಲನ್ನು ನೇರವಾಗಿ ಎತ್ತಲು ಸಾಧ್ಯವಾಗುವುದಿಲ್ಲ.

ಜನಸಾಮಾನ್ಯರು ಈ ಶಸ್ತ್ರಚಿಕಿತ್ಸೆಯನ್ನು ‘ಮಂಡಿಚಿಪ್ಪು ಬದಲಾವಣೆ’ ಎಂದು ಕರೆಯುವುದುಂಟು. ವಾಸ್ತವವಾಗಿ ಬದಲಾಯಿಸಲಾಗುವುದು ತೊಡೆಮೂಳೆ ಮತ್ತು ಟಿಬಿಯಾ ಮೂಳೆಗಳ ಸವೆದ ತುದಿಗಳನ್ನು. ಆ ಜಾಗದಲ್ಲಿ ಲೋಹದ ಭಾಗಗಳನ್ನು ಕೂಡಿಸಿ, ಅವುಗಳ ನಡುವೆ ಪ್ಲಾಸ್ಟಿಕ್ ಭಾಗವನ್ನು ಇರಿಸಲಾಗುತ್ತದೆ. ಮಂಡಿಚಿಪ್ಪು ರೋಗಿಯದೇ ಆಗಿ ಉಳಿಯುತ್ತದೆ. ಕೆಲವೊಮ್ಮೆ ಅದರ ಒಳಮೈಗೆ ಪ್ಲಾಸ್ಟಿಕ್ ಬಿಲ್ಲೆಯನ್ನು ಕೂಡಿಸಲಾಗುತ್ತದೆ. ರಜ್ಜುಗಳು ಸಹ ರೋಗಿಯವೇ. ಆದುದರಿಂದ ಕೃತಕ ಕೀಲು ಎಷ್ಟೇ ಉತ್ತಮವಾಗಿದ್ದರೂ ಅದನ್ನು ನಡೆಸುವ ರಜ್ಜುಗಳ ಬಲವು ರೋಗಿಯ ವಯಸ್ಸು ಹಾಗೂ ಆರೋಗ್ಯವನ್ನು ಅವಲಂಬಿಸಿರುತ್ತದೆ.

3. ರಜ್ಜು ಹರಿಯಲು ಕಾರಣಗಳು

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 23,800 ಮಂಡಿ ಕೀಲು ಬದಲಾವಣೆಗಳಲ್ಲಿ 24 ಮಂಡಿಗಳಲ್ಲಿ ಮೇಲಿನ ರಜ್ಜು ಹರಿದಿತ್ತು. ಅಂದರೆ ಸರಿಸುಮಾರು ಸಾವಿರಕ್ಕೆ ಒಂದು. ಕೆಳಗಿನ ರಜ್ಜು ಹರಿಯುವುದೂ ವಿರಳವೇ ಆಗಿದೆ. ಆದರೆ ಅದರ ಚಿಕಿತ್ಸೆ ಹೆಚ್ಚು ಕಠಿಣವಾದುದು.

ರಜ್ಜು ಹರಿಯಲು ಮುಖ್ಯ ಕಾರಣಗಳು ಈ ಕೆಳಕಂಡಂತಿವೆ:

(ಅ) ಬೀಳುವುದು: ಬಚ್ಚಲುಮನೆಯಲ್ಲಿ ಜಾರಿ ಬಿದ್ದಾಗ, ಅಥವಾ ಬೀಳುವುದನ್ನು ತಪ್ಪಿಸಿಕೊಳ್ಳಲು ತೊಡೆಯ ಸ್ನಾಯುವನ್ನು ಹಠಾತ್ತನೆ ಬಿಗಿಗೊಳಿಸಿದಾಗ, ಮಡಿಸಿದ ಸ್ಥಿತಿಯಲ್ಲಿರುವ ಮಂಡಿಯ ರಜ್ಜು ಹರಿಯಬಹುದು.

(ಆ) ದೀರ್ಘಕಾಲೀನ ಕಾಯಿಲೆಗಳು: ಮಧುಮೇಹ, ಮೂತ್ರಪಿಂಡಗಳ ದೀರ್ಘಕಾಲೀನ ವೈಫಲ್ಯ, ಕೀಲುವಾತ ಮತ್ತು ಸ್ಥೂಲಕಾಯ.

(ಇ) ಔಷಧಿಗಳು: ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಲ್ಲಿ ರಜ್ಜುಗಳು ದುರ್ಬಲವಾಗುತ್ತವೆ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಮುಂತಾದ ಪ್ರತಿಜೀವಕಗಳಿಂದ ಸ್ನಾಯುರಜ್ಜು ಹರಿಯುವ ಅಪಾಯವಿರುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಗಂಭೀರ ಎಚ್ಚರಿಕೆ ನೀಡಿದೆ. 60 ವರ್ಷ ಮೀರಿದವರಲ್ಲಿ ಹಾಗೂ ಜೊತೆಯಲ್ಲಿ ಸ್ಟೀರಾಯ್ಡ್ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು.

(ಈ) ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಕಾರಣಗಳು: ಮೊದಲೇ ಬಿಗಿದುಕೊಂಡಿದ್ದ ಮಂಡಿಯನ್ನು ತೆರೆಯುವಾಗ ಕೆಳಗಿನ ರಜ್ಜಿನ ಮೇಲೆ ಒತ್ತಡ ಬೀಳುವುದು, ಒಂದೇ ಮಂಡಿಗೆ ಪದೇ ಪದೇ ಶಸ್ತ್ರಚಿಕಿತ್ಸೆ ನಡೆದಿರುವುದು, ಕೀಲಿನ ಭಾಗಗಳು ಓರೆಯಾಗಿ ಕೂಡಿರುವುದು, ಮಂಡಿಚಿಪ್ಪಿನ ಮೂಳೆಯು ತೀರಾ ತೆಳುವಾಗಿರುವುದು ಹಾಗೂ ಕೀಲಿನಲ್ಲಿ ಸೋಂಕು.

(ಉ) ಬಲವಂತವಾಗಿ ಬಗ್ಗಿಸುವುದು: ಶಸ್ತ್ರಚಿಕಿತ್ಸೆಯ ನಂತರ ಮಂಡಿ ಸಾಕಷ್ಟು ಬಾಗುತ್ತಿಲ್ಲವೆಂದು ಮನೆಯಲ್ಲಿ ಅಥವಾ ಅನುಭವವಿಲ್ಲದವರ ಕೈಯಲ್ಲಿ ಒತ್ತಿ ಬಗ್ಗಿಸುವುದು.

4. ಲಕ್ಷಣಗಳು

ರಜ್ಜು ಪೂರ್ಣವಾಗಿ ಹರಿದಾಗ ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು:

(1) ‘ಟಪ್’ ಎಂದು ಏನೋ ಕಿತ್ತುಬಂದ ಅನುಭವ, ತಕ್ಷಣ ನೋವು ಮತ್ತು ಊತ.
(2) ಮಲಗಿರುವಾಗ ಕಾಲನ್ನು ನೇರವಾಗಿಟ್ಟುಕೊಂಡು ಹಾಸಿಗೆಯಿಂದ ಮೇಲಕ್ಕೆ ಎತ್ತಲು ಆಗದಿರುವುದು.
(3) ನಡೆಯುವಾಗ ಮಂಡಿ ಇದ್ದಕ್ಕಿದ್ದಂತೆ ಮಡಿಸಿಕೊಂಡು ಕುಸಿಯುವುದು.
(4) ಮಂಡಿಚಿಪ್ಪಿನ ಮೇಲೆ ಅಥವಾ ಕೆಳಗೆ ಬೆರಳಿಗೆ ತಗ್ಗು ಸಿಗುವುದು.
(5) ಇನ್ನೊಂದು ಕಾಲಿಗೆ ಹೋಲಿಸಿದರೆ ಮಂಡಿಚಿಪ್ಪು ಮೇಲಕ್ಕೆ ಅಥವಾ ಕೆಳಕ್ಕೆ ಸರಿದಂತೆ ಕಾಣುವುದು.

ಇವುಗಳಲ್ಲಿ ಎರಡನೆಯ ಲಕ್ಷಣವು ಅತ್ಯಂತ ಮುಖ್ಯವಾದುದು. ಕೀಲು ಬದಲಾವಣೆ ಮಾಡಿಸಿಕೊಂಡ ಬಹುತೇಕ ರೋಗಿಗಳು ಮತ್ತು ಕುಟುಂಬದವರು ‘ಮಂಡಿ ಎಷ್ಟು ಬಾಗುತ್ತದೆ’ ಎಂಬುದನ್ನೇ ಗುಣವಾಗುವಿಕೆಯ ಅಳತೆಯೆಂದು ಭಾವಿಸುತ್ತಾರೆ. ರಜ್ಜು ಹರಿದ ಮಂಡಿಯು ಸುಲಭವಾಗಿ ಬಾಗುತ್ತದೆ. ಬೇರೆಯವರು ಹಿಡಿದು ನೇರ ಮಾಡಿದರೆ ನೇರವೂ ಆಗುತ್ತದೆ. ರೋಗಿಯು ತಾನಾಗಿ ಅದನ್ನು ನೇರವಾಗಿ ಎತ್ತಿ ಹಿಡಿಯಬಲ್ಲನೇ ಎಂಬುದೇ ಇಲ್ಲಿ ನೋಡಬೇಕಾದ ಅಂಶ.

5. ವಿಳಂಬ ಉಂಟಾಗುವ ಸಂದರ್ಭಗಳು

ಈ ತೊಂದರೆಯು ವಾರಗಟ್ಟಲೆ ಗುರುತಿಸಲ್ಪಡದೆ ಉಳಿಯಲು ಮೂರು ಕಾರಣಗಳಿವೆ.

ಮೊದಲನೆಯದಾಗಿ, ಕೀಲು ಬದಲಾವಣೆಯ ನಂತರದ ಮೊದಲ ದಿನಗಳಲ್ಲಿ ನೋವು, ಊತ ಹಾಗೂ ನೋವು ನಿವಾರಣೆಗಾಗಿ ನೀಡಿದ ನರದ ಅರಿವಳಿಕೆಯಿಂದಾಗಿ ಕಾಲು ಎತ್ತಲು ಕಷ್ಟವಾಗುವುದು ಸಹಜ. ಇಂತಹ ದೌರ್ಬಲ್ಯವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಆದರೆ ಒಮ್ಮೆ ಕಾಲು ಎತ್ತುತ್ತಿದ್ದ ರೋಗಿಗೆ ನಂತರ ಎತ್ತಲು ಆಗದಿದ್ದಲ್ಲಿ, ಅದನ್ನು ‘ಶಕ್ತಿ ಇಲ್ಲ, ಇನ್ನಷ್ಟು ವ್ಯಾಯಾಮ ಬೇಕು’ ಎಂದು ಭಾವಿಸತಕ್ಕದ್ದಲ್ಲ.

ಎರಡನೆಯದಾಗಿ, ಬಿದ್ದ ನಂತರ ತೆಗೆಸಿದ ಕ್ಷ-ಕಿರಣ ಚಿತ್ರದಲ್ಲಿ ‘ಮೂಳೆ ಮುರಿದಿಲ್ಲ, ಕೀಲು ಸರಿಯಾಗಿದೆ’ ಎಂದು ತಿಳಿದು ಕುಟುಂಬದವರು ಸಮಾಧಾನಗೊಳ್ಳುತ್ತಾರೆ. ರಜ್ಜು ಕ್ಷ-ಕಿರಣದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಮಂಡಿಚಿಪ್ಪಿನ ಸ್ಥಾನವನ್ನು ಗಮನಿಸಿದರೆ ಮಾತ್ರ ಸುಳಿವು ದೊರೆಯುತ್ತದೆ.

ಮೂರನೆಯದಾಗಿ, ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿಸುವುದು, ನಾಟಿ ಕಟ್ಟು ಹಾಕಿಸುವುದು ಮುಂತಾದ ಕ್ರಮಗಳಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ರಜ್ಜು ಹರಿದ ನಂತರ ತೊಡೆಯ ಸ್ನಾಯುವು ದಿನೇ ದಿನೇ ಮೇಲಕ್ಕೆ ಎಳೆದುಕೊಂಡು ಅಲ್ಲಿಯೇ ಅಂಟಿಕೊಳ್ಳುತ್ತದೆ. ಮೊದಲ ಎರಡು-ಮೂರು ವಾರಗಳಲ್ಲಿ ಕೂಡಿಸಬಹುದಾಗಿದ್ದ ತುದಿಗಳು ನಂತರ ಒಂದಕ್ಕೊಂದು ತಲುಪುವುದೇ ಇಲ್ಲ.

6. ತಕ್ಷಣ ಮಾಡಬೇಕಾದುದು

(ಅ) ಮಂಡಿಯನ್ನು ಮಡಿಸದೆ, ನೇರ ಸ್ಥಿತಿಯಲ್ಲಿ ಉದ್ದನೆಯ ನೀ ಬ್ರೇಸ್ ಅಥವಾ ಹಲಗೆಯ ಆಧಾರದೊಂದಿಗೆ ಇರಿಸುವುದು. ದಿಂಬನ್ನು ಹಿಮ್ಮಡಿಯ ಕೆಳಗೆ ಇಡಬಹುದು. ಮಂಡಿಯ ಕೆಳಗೆ ಇಡಬಾರದು.
(ಆ) ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ್ಗೆ ಇಡಬಹುದು. ತಿಕ್ಕುವುದು, ಎಳೆಯುವುದು ಮತ್ತು ಬಗ್ಗಿಸಿ ನೋಡುವುದನ್ನು ಮಾಡಬಾರದು.
(ಇ) ಆ ಕಾಲಿನ ಮೇಲೆ ಭಾರ ಹಾಕಿ ನಡೆಯಲು ಪ್ರಯತ್ನಿಸಬಾರದು. ಅಗತ್ಯವಿದ್ದಲ್ಲಿ 108 ಆಂಬುಲೆನ್ಸ್ ಸೇವೆಯನ್ನು ಪಡೆಯುವುದು.
(ಈ) ರಕ್ತ ಹೆಪ್ಪುಗಟ್ಟದಂತೆ ನೀಡಲಾದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.
(ಉ) ಸಾಧ್ಯವಾದಷ್ಟು ಮಟ್ಟಿಗೆ ಕೀಲು ಬದಲಾವಣೆ ಮಾಡಿದ ವೈದ್ಯರನ್ನೇ ಕಾಣುವುದು. ಅದು ಸಾಧ್ಯವಿಲ್ಲದಿದ್ದಲ್ಲಿ ಮೂಳೆ ರೋಗ ತಜ್ಞರಿರುವ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತೆರಳುವುದು.
(ಊ) ಗಾಯ ತೆರೆದುಕೊಂಡಿದ್ದರೆ, ಕೀವು ಅಥವಾ ಜ್ವರವಿದ್ದರೆ, ಕಾಲಿನ ಬೆರಳುಗಳು ತಣ್ಣಗಾಗಿ ಬಣ್ಣ ಬದಲಾಗಿದ್ದರೆ ವಿಳಂಬ ಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು.

7. ತಪಾಸಣೆ

ವೈದ್ಯರು ಮೊದಲು ರೋಗಿಯನ್ನು ಮಲಗಿಸಿ ಕಾಲನ್ನು ನೇರವಾಗಿ ಎತ್ತುವಂತೆ ಹೇಳುತ್ತಾರೆ. ಬೇರೆಯವರು ಎಷ್ಟು ನೇರ ಮಾಡಬಹುದು ಮತ್ತು ರೋಗಿಯು ತಾನಾಗಿ ಎಷ್ಟು ನೇರ ಮಾಡಬಲ್ಲ ಎಂಬುದರ ನಡುವಿನ ವ್ಯತ್ಯಾಸವನ್ನು ಡಿಗ್ರಿಗಳಲ್ಲಿ ಅಳೆಯಲಾಗುತ್ತದೆ. ಕ್ಷ-ಕಿರಣದಲ್ಲಿ ಮಂಡಿಚಿಪ್ಪು ಮೇಲಕ್ಕೆ ಸರಿದಿದ್ದರೆ ಕೆಳಗಿನ ರಜ್ಜು ಹರಿದಿರುವ ಸಾಧ್ಯತೆಯೂ, ಕೆಳಕ್ಕೆ ಇಳಿದಿದ್ದರೆ ಮೇಲಿನ ರಜ್ಜು ಹರಿದಿರುವ ಸಾಧ್ಯತೆಯೂ ಇರುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆಯಿಂದ ರಜ್ಜು ಭಾಗಶಃ ಹರಿದಿದೆಯೇ ಅಥವಾ ಪೂರ್ಣವಾಗಿ ಹರಿದಿದೆಯೇ ಎಂಬುದನ್ನು ತಿಳಿಯಬಹುದು. ಎಂ.ಆರ್.ಐ. ಚಿತ್ರಣದಲ್ಲಿ ಲೋಹದ ನೆರಳು ಅಡ್ಡಬರುವುದರಿಂದ ಅದನ್ನು ಕಡಿಮೆ ಮಾಡುವ ವಿಶೇಷ ವಿಧಾನವನ್ನು ಬಳಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಕೀಲಿನಲ್ಲಿ ಸೋಂಕು ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಇದಕ್ಕಾಗಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತ ಪರೀಕ್ಷೆಗಳನ್ನು ಹಾಗೂ ಅಗತ್ಯವಿದ್ದಲ್ಲಿ ಕೀಲಿನ ದ್ರವದ ಪರೀಕ್ಷೆಯನ್ನು ಮಾಡಲಾಗುತ್ತದೆ. ಸೋಂಕು ಇರುವಾಗ ರಜ್ಜನ್ನು ಜೋಡಿಸಿದರೆ ಜೋಡಣೆಯೂ ಕೀಲೂ ಎರಡೂ ಕೈತಪ್ಪುವ ಅಪಾಯವಿರುತ್ತದೆ. ಕೃತಕ ಕೀಲು ಸಡಿಲವಾಗಿದೆಯೇ, ಓರೆಯಾಗಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ಪರಿಶೀಲಿಸಲಾಗುತ್ತದೆ. ಕೀಲಿನ ದೋಷವನ್ನು ಹಾಗೆಯೇ ಬಿಟ್ಟು ರಜ್ಜನ್ನು ಮಾತ್ರ ದುರಸ್ತಿ ಮಾಡಿದಲ್ಲಿ ಅದು ಮತ್ತೆ ಹರಿಯುವ ಸಂಭವವಿರುತ್ತದೆ.

8. ಚಿಕಿತ್ಸೆಯ ವಿಧಾನಗಳು

ಕೀಲು ಬದಲಾವಣೆಯಾಗದ ಮಂಡಿಯಲ್ಲಿ ರಜ್ಜು ಹರಿದರೆ, ತಕ್ಷಣ ಹೊಲಿಗೆ ಹಾಕಿದಾಗ ಸಾಮಾನ್ಯವಾಗಿ ಒಳ್ಳೆಯ ಫಲಿತಾಂಶ ದೊರೆಯುತ್ತದೆ. ಕೃತಕ ಕೀಲಿರುವ ಮಂಡಿಯ ಸ್ಥಿತಿ ಬೇರೆ. ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಮಂಡಿಚಿಪ್ಪಿನ ಸುತ್ತಲಿನ ರಕ್ತನಾಳಗಳಲ್ಲಿ ಕೆಲವು ಕತ್ತರಿಸಲ್ಪಟ್ಟಿರುತ್ತವೆ. ರಜ್ಜಿನ ಅಂಗಾಂಶವು ಕಲೆಗಟ್ಟಿ ದುರ್ಬಲವಾಗಿರುತ್ತದೆ. ಆದುದರಿಂದ ಬರೀ ಹೊಲಿಗೆಯು ಹಲವು ಸಂದರ್ಭಗಳಲ್ಲಿ ನಿಲ್ಲುವುದಿಲ್ಲ. ಚಿಕಿತ್ಸೆಯ ಆಯ್ಕೆಯು ಯಾವ ರಜ್ಜು, ಎಷ್ಟು ಹರಿದಿದೆ, ಎಷ್ಟು ದಿನವಾಗಿದೆ ಎಂಬ ಮೂರು ಅಂಶಗಳನ್ನು ಅವಲಂಬಿಸಿರುತ್ತದೆ.

(ಅ) ಭಾಗಶಃ ಹರಿದಿದ್ದಲ್ಲಿ: ಮೇಲಿನ ರಜ್ಜು ಭಾಗಶಃ ಮಾತ್ರ ಹರಿದಿದ್ದು ರೋಗಿಯು ಕಾಲನ್ನು ಎತ್ತಬಲ್ಲವನಾಗಿದ್ದರೆ, ಮಂಡಿಯನ್ನು ಸುಮಾರು ಆರು ವಾರ ನೇರ ಸ್ಥಿತಿಯಲ್ಲಿರಿಸಿ ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸಲು ಸಾಧ್ಯ. ಮೇಲೆ ತಿಳಿಸಿದ 2005ರ ಅಧ್ಯಯನದಲ್ಲಿ ಭಾಗಶಃ ಹರಿದವರು ಈ ಕ್ರಮದಿಂದ ಚೇತರಿಸಿಕೊಂಡರು. ಪೂರ್ಣವಾಗಿ ಹರಿದು ದುರಸ್ತಿಗೆ ಒಳಗಾದವರಲ್ಲಿ ಮತ್ತೆ ಹರಿಯುವುದು ಮುಂತಾದ ತೊಡಕುಗಳು ಹೆಚ್ಚಾಗಿದ್ದವು.

(ಆ) ಹೊಲಿಗೆ ಮತ್ತು ಬಲವರ್ಧನೆ: ಮೇಲಿನ ರಜ್ಜು ಪೂರ್ಣವಾಗಿ ಹರಿದು ಕೆಲವೇ ದಿನಗಳಾಗಿದ್ದಲ್ಲಿ, ಮಂಡಿಚಿಪ್ಪಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಬಲವಾದ ದಾರದಿಂದ ರಜ್ಜನ್ನು ಮೂಳೆಗೆ ಕೂಡಿಸಲಾಗುತ್ತದೆ. ಮಂಡಿಚಿಪ್ಪು ತೆಳುವಾಗಿರುವುದರಿಂದ ರಂಧ್ರ ಕೊರೆಯುವಾಗ ಅದು ಒಡೆಯದಂತೆ ಎಚ್ಚರ ವಹಿಸಲಾಗುತ್ತದೆ. ಹೊಲಿಗೆಯ ಮೇಲಿನ ಭಾರವನ್ನು ತಗ್ಗಿಸಲು ರೋಗಿಯದೇ ರಜ್ಜು ಅಥವಾ ಕೃತಕ ಜಾಲರಿಯಿಂದ ಅದನ್ನು ಬಲಪಡಿಸಲಾಗುತ್ತದೆ.

(ಇ) ರೋಗಿಯದೇ ರಜ್ಜಿನ ಬಳಕೆ: ತೊಡೆಯ ಹಿಂಭಾಗದಲ್ಲಿರುವ ಸೆಮಿಟೆಂಡಿನೋಸಸ್ ಎಂಬ ಉದ್ದನೆಯ ರಜ್ಜನ್ನು ತೆಗೆದು, ಮಂಡಿಚಿಪ್ಪು ಹಾಗೂ ಟಿಬಿಯಾ ಮೂಳೆಯ ನಡುವೆ ಹಾಯಿಸಿ ಕೆಳಗಿನ ರಜ್ಜನ್ನು ಮರುರೂಪಿಸಲಾಗುತ್ತದೆ. 1992ರಲ್ಲಿ ಕದಂಬಿ ಮತ್ತು ಎಂಗ್ ಎಂಬ ವೈದ್ಯರು ಕೃತಕ ಕೀಲಿರುವ ಮಂಡಿಗಳಲ್ಲಿ ಈ ವಿಧಾನದ ಬಳಕೆಯನ್ನು ವರದಿ ಮಾಡಿದರು. ರೋಗಿಯದೇ ಅಂಗಾಂಶವಾದುದರಿಂದ ದೇಹ ಇದನ್ನು ಸುಲಭವಾಗಿ ಸ್ವೀಕರಿಸುತ್ತದೆ.

(ಈ) ದಾನಿ ಅಂಗಾಂಶದ ಬಳಕೆ: ಮೃತ ದಾನಿಯಿಂದ ಪಡೆದ ಮೇಲಿನ ರಜ್ಜು, ಮಂಡಿಚಿಪ್ಪು, ಕೆಳಗಿನ ರಜ್ಜು ಮತ್ತು ಮೂಳೆಯ ತುಂಡನ್ನು ಒಟ್ಟಾಗಿ ಕೂಡಿಸುವ ವಿಧಾನವನ್ನು 1990ರಲ್ಲಿ ಎಮರ್ಸನ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. ಆರಂಭದಲ್ಲಿ ಮಂಡಿ ಬಾಗಲು ಅನುಕೂಲವಾಗಲೆಂದು ಈ ಅಂಗಾಂಶವನ್ನು ಸಡಿಲವಾಗಿ ಕೂಡಿಸಲಾಗುತ್ತಿತ್ತು. 2004ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಸಡಿಲವಾಗಿ ಕೂಡಿಸಿದ ಮಂಡಿಗಳು ವಿಫಲವಾದವು. ಮಂಡಿಯನ್ನು ಪೂರ್ಣ ನೇರವಾಗಿಟ್ಟು ಬಿಗಿಯಾಗಿ ಕೂಡಿಸಿದ ಮಂಡಿಗಳು ಉತ್ತಮ ಫಲಿತಾಂಶ ನೀಡಿದವು. ಅಂದಿನಿಂದ ಬಿಗಿಯಾಗಿ ಕೂಡಿಸುವುದೇ ರೂಢಿಯಾಗಿದೆ. ಇಂತಹ ಅಂಗಾಂಶವು ಅಂಗಾಂಶ ಬ್ಯಾಂಕ್‌ಗಳಿಂದ ದೊರೆಯಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಿಂದ ಅಂಗಾಂಶ ಬ್ಯಾಂಕ್ ಇದೆ. ಆದರೂ ಪೂರ್ಣ ಅಂಗಾಂಶದ ಲಭ್ಯತೆ ಎಲ್ಲೆಡೆ ಸುಲಭವಲ್ಲ.

(ಉ) ಕೃತಕ ಜಾಲರಿಯ ಬಳಕೆ: ಅಂಡವಾಯು (ಹರ್ನಿಯಾ) ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಪಾಲಿಪ್ರೊಪಿಲೀನ್ ಜಾಲರಿಯನ್ನು ಹಲವು ಪದರಗಳಾಗಿ ಸುತ್ತಿ ಪಟ್ಟಿಯಂತೆ ಮಾಡಿ, ಒಂದು ತುದಿಯನ್ನು ಟಿಬಿಯಾ ಮೂಳೆಗೆ ಸಿಮೆಂಟಿನಿಂದ ಭದ್ರಪಡಿಸಿ, ಇನ್ನೊಂದು ತುದಿಯನ್ನು ತೊಡೆಯ ಸ್ನಾಯುವಿನ ಪದರಗಳ ನಡುವೆ ಹೊಲಿಯಲಾಗುತ್ತದೆ. ಜಾಲರಿಯು ಕೀಲಿನ ಲೋಹ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಉಜ್ಜದಂತೆ ರೋಗಿಯ ಅಂಗಾಂಶದಿಂದ ಮುಚ್ಚಲಾಗುತ್ತದೆ. ಕಾಲಕ್ರಮದಲ್ಲಿ ದೇಹದ ಅಂಗಾಂಶವು ಜಾಲರಿಯೊಳಗೆ ಬೆಳೆದು ಗಟ್ಟಿಯಾಗುತ್ತದೆ. ಬ್ರೌನ್ ಮತ್ತು ಹ್ಯಾನ್ಸನ್ ಈ ವಿಧಾನವನ್ನು 2011ರಲ್ಲಿ ಪ್ರಕಟಿಸಿದರು. 2018ರಲ್ಲಿ ಇದೇ ವಿಧಾನದ 77 ಮಂಡಿಗಳ ವಿವರ ಪ್ರಕಟವಾಯಿತು. ಅವುಗಳಲ್ಲಿ ಬಹುಪಾಲು ಜಾಲರಿಗಳು ಕೆಲವು ವರ್ಷಗಳ ನಂತರವೂ ಉಳಿದುಕೊಂಡಿದ್ದವು. ದಾನಿ ಅಂಗಾಂಶಕ್ಕಿಂತ ಜಾಲರಿಯು ಸುಲಭವಾಗಿ ಲಭ್ಯವಾಗುತ್ತದೆ. ಅದರ ವೆಚ್ಚವೂ ಕಡಿಮೆ.

(ಊ) ಇತರೆ ವಿಧಾನಗಳು: ಮಂಡಿಯ ಮುಂಭಾಗದ ಚರ್ಮವೂ ನಷ್ಟವಾಗಿದ್ದಲ್ಲಿ ಮೀನಖಂಡದ ಸ್ನಾಯುವಿನ ಒಂದು ಭಾಗವನ್ನು ತಿರುಗಿಸಿ ಹೊದಿಸಲಾಗುತ್ತದೆ. ಪದೇ ಪದೇ ವಿಫಲವಾದ ಅಥವಾ ಸೋಂಕು ಹತೋಟಿಗೆ ಬಾರದ ಪ್ರಕರಣಗಳಲ್ಲಿ, ಕೊನೆಯ ಕ್ರಮವಾಗಿ, ಕೀಲನ್ನು ತೆಗೆದು ಮಂಡಿಯನ್ನು ನೇರ ಸ್ಥಿತಿಯಲ್ಲಿ ಸ್ಥಿರಗೊಳಿಸಲಾಗುತ್ತದೆ.

9. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯು ವಹಿಸಬೇಕಾದ ಕ್ರಮಗಳು

ರಕ್ತದ ಸಕ್ಕರೆ ಅಂಶವನ್ನು ಹತೋಟಿಗೆ ತರುವುದು, ತಂಬಾಕು ಮತ್ತು ಧೂಮಪಾನವನ್ನು ನಿಲ್ಲಿಸುವುದು, ಹಲ್ಲಿನ ಹುಳುಕು, ಮೂತ್ರದ ಸೋಂಕು ಹಾಗೂ ಕಾಲಿನ ಹುಣ್ಣುಗಳಿಗೆ ಮೊದಲೇ ಚಿಕಿತ್ಸೆ ಪಡೆಯುವುದು ಅಗತ್ಯ. ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು, ನಾಟಿ ಔಷಧಿಗಳೂ ಸೇರಿದಂತೆ, ವೈದ್ಯರಿಗೆ ತಿಳಿಸತಕ್ಕದ್ದು.

ಮನೆಯಲ್ಲಿ ಮುಂದಿನ ಮೂರು ತಿಂಗಳ ಸಿದ್ಧತೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಮಾಡಿಕೊಳ್ಳುವುದು ಸೂಕ್ತ. ಕಾಲು ಮಡಿಸಲು ಆಗದಿರುವುದರಿಂದ ನೆಲದ ಮೇಲೆ ಕೂರುವುದಾಗಲಿ, ಭಾರತೀಯ ಶೈಲಿಯ ಶೌಚಾಲಯ ಬಳಸುವುದಾಗಲಿ ಸಾಧ್ಯವಿಲ್ಲ. ಎತ್ತರದ ಮಂಚ, ಕೈಯಾಸರೆ ಇರುವ ಕುರ್ಚಿ, ಕಮೋಡ್ ಕುರ್ಚಿ, ಬಚ್ಚಲಿನಲ್ಲಿ ಹಿಡಿಕಂಬಿ ಹಾಗೂ ಜಾರದ ನೆಲಹಾಸು ಬೇಕಾಗುತ್ತವೆ. ರೋಗಿಯ ಜೊತೆಯಲ್ಲಿ ಒಬ್ಬರು ಸದಾ ಇರುವಂತೆ ನೋಡಿಕೊಳ್ಳುವುದು.

10. ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಈ ಚಿಕಿತ್ಸೆಯ ಅರ್ಧ ಭಾಗ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಡೆದರೆ, ಉಳಿದ ಅರ್ಧ ರೋಗಿಯ ಮನೆಯಲ್ಲಿ ನಡೆಯುತ್ತದೆ. ಮೊದಲ ಕೀಲು ಬದಲಾವಣೆಯ ನಂತರ ‘ಮರುದಿನವೇ ಮಂಡಿ ಬಗ್ಗಿಸಿ’ ಎಂದು ಹೇಳಲಾಗಿರುತ್ತದೆ. ರಜ್ಜು ದುರಸ್ತಿಯ ನಂತರದ ಸೂಚನೆಯು ಇದಕ್ಕೆ ಸಂಪೂರ್ಣ ವಿರುದ್ಧವಾದುದು. ಈ ವ್ಯತ್ಯಾಸವನ್ನು ರೋಗಿಯೂ, ಕುಟುಂಬದವರೂ, ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಅವರೂ ಸ್ಪಷ್ಟವಾಗಿ ತಿಳಿದಿರತಕ್ಕದ್ದು.

ಮೊದಲ ಹಂತ: ಮಂಡಿಯನ್ನು ಪೂರ್ಣ ನೇರ ಸ್ಥಿತಿಯಲ್ಲಿ ಪ್ಲಾಸ್ಟರ್ ಅಥವಾ ಬ್ರೇಸ್‌ನಲ್ಲಿ ಇರಿಸಲಾಗುತ್ತದೆ. ಹೊಲಿಗೆ ದುರಸ್ತಿಯಲ್ಲಿ ಸಾಮಾನ್ಯವಾಗಿ 6ರಿಂದ 8 ವಾರ, ಜಾಲರಿ ವಿಧಾನದಲ್ಲಿ 10ರಿಂದ 12 ವಾರ ಈ ಹಂತವಿರುತ್ತದೆ. ವಾಕರ್ ಸಹಾಯದಿಂದ ವೈದ್ಯರು ಹೇಳಿದಷ್ಟು ಮಾತ್ರ ಭಾರ ಹಾಕಿ ನಡೆಯಬಹುದು. ಪಾದ ಮತ್ತು ಬೆರಳುಗಳನ್ನು ಆಗಾಗ್ಗೆ ಆಡಿಸುತ್ತಿರಬೇಕು.

ಎರಡನೆಯ ಹಂತ: ಕೋನವನ್ನು ನಿಯಂತ್ರಿಸಬಹುದಾದ ಬ್ರೇಸ್ ತೊಡಿಸಿ, ಕೆಲವು ವಾರಗಳಿಗೊಮ್ಮೆ ಬಾಗುವ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಾಗುತ್ತದೆ. ರೋಗಿಯು ತಾನಾಗಿ ಬಗ್ಗಿಸಬೇಕೇ ಹೊರತು ಬೇರೆಯವರು ಒತ್ತಬಾರದು.

ಮೂರನೆಯ ಹಂತ: ತೊಡೆಯ ಸ್ನಾಯುವನ್ನು ಬಲಪಡಿಸುವ ವ್ಯಾಯಾಮಗಳು ತಿಂಗಳುಗಳ ಕಾಲ ಮುಂದುವರಿಯುತ್ತವೆ. ಪೂರ್ಣ ಚೇತರಿಕೆಗೆ ಒಂದು ವರ್ಷದವರೆಗೂ ಬೇಕಾಗಬಹುದು.

ಪ್ಲಾಸ್ಟರ್ ಕಟ್ಟಿನ ಒಳಗೆ ವಿಪರೀತ ನೋವು, ದುರ್ವಾಸನೆ, ಜ್ವರ, ಮೀನಖಂಡದಲ್ಲಿ ಊತ ಅಥವಾ ಬೆರಳುಗಳಲ್ಲಿ ಜೋಮು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು ಉಂಟಾದಲ್ಲಿ ತುರ್ತು ಸೇವೆಗೆ ಕರೆ ಮಾಡತಕ್ಕದ್ದು.

11. ನಿರೀಕ್ಷಿಸಬಹುದಾದ ಫಲಿತಾಂಶ ಮತ್ತು ತೊಡಕುಗಳು

ಯಶಸ್ವಿ ಶಸ್ತ್ರಚಿಕಿತ್ಸೆಯ ನಂತರ ರೋಗಿಯು ಕಾಲನ್ನು ಬಹುಮಟ್ಟಿಗೆ ನೇರವಾಗಿ ಎತ್ತಬಲ್ಲ, ಮಂಡಿ ಕುಸಿಯದೆ ನಡೆಯಬಲ್ಲ. ಕೆಲವು ಡಿಗ್ರಿಗಳ ಕೊರತೆ ಉಳಿಯಬಹುದು. ಮಂಡಿ ಬಾಗುವ ಪ್ರಮಾಣವು ಹಿಂದಿಗಿಂತ ಕಡಿಮೆಯಾಗಬಹುದು. ಕುರ್ಚಿಯಲ್ಲಿ ಕೂರಲು ಸಾಕಾಗುವಷ್ಟು ಬಾಗಿದರೆ ಅದನ್ನು ತೃಪ್ತಿಕರವೆಂದು ಪರಿಗಣಿಸಲಾಗುತ್ತದೆ. ಹಲವರಿಗೆ ಹೊರಗೆ ಓಡಾಡುವಾಗ ಕೋಲಿನ ಆಸರೆ ಬೇಕಾಗುತ್ತದೆ.

ಸೋಂಕು, ಮತ್ತೆ ಹರಿಯುವುದು, ಕಾಲಕ್ರಮದಲ್ಲಿ ರಜ್ಜು ಸಡಿಲಗೊಳ್ಳುವುದು, ಗಾಯ ಮಾಯದಿರುವುದು ಹಾಗೂ ರಕ್ತ ಹೆಪ್ಪುಗಟ್ಟುವುದು ಮುಖ್ಯ ತೊಡಕುಗಳಾಗಿವೆ. ಇದು ಮೊದಲ ಕೀಲು ಬದಲಾವಣೆಗಿಂತ ಕಠಿಣವಾದ ಶಸ್ತ್ರಚಿಕಿತ್ಸೆಯಾಗಿದ್ದು, ಮರು ಕೀಲು ಬದಲಾವಣೆಯಲ್ಲಿ ಅನುಭವವಿರುವ ತಜ್ಞರಿಂದಲೇ ಮಾಡಿಸಿಕೊಳ್ಳುವುದು ಒಳಿತು.

12. ಅಗತ್ಯ ದಾಖಲೆಗಳು ಮತ್ತು ಸೌಲಭ್ಯಗಳು

ಆಸ್ಪತ್ರೆಗೆ ತೆರಳುವಾಗ ಈ ಕೆಳಕಂಡ ದಾಖಲೆಗಳನ್ನು ತರುವುದು:

(1) ಮೊದಲ ಶಸ್ತ್ರಚಿಕಿತ್ಸೆಯ ಬಿಡುಗಡೆ ಸಾರಾಂಶ ಪತ್ರ.
(2) ಅಳವಡಿಸಿದ ಕೀಲಿನ ತಯಾರಕರು, ಅಳತೆ ಮತ್ತು ಬ್ಯಾಚ್ ಸಂಖ್ಯೆ ಇರುವ ಚೀಟಿ. ಮರುಶಸ್ತ್ರಚಿಕಿತ್ಸೆಯಲ್ಲಿ ಹೊಂದಿಕೆಯಾಗುವ ಭಾಗಗಳನ್ನು ತರಿಸಲು ಇದು ಅತ್ಯವಶ್ಯ.
(3) ಹಳೆಯ ಮತ್ತು ಹೊಸ ಕ್ಷ-ಕಿರಣ ಚಿತ್ರಗಳು ಹಾಗೂ ಪರೀಕ್ಷಾ ವರದಿಗಳು.
(4) ಆಧಾರ್ ಚೀಟಿ, ಪಡಿತರ ಚೀಟಿ ಮತ್ತು ಆರೋಗ್ಯ ಯೋಜನೆಯ ಚೀಟಿ ಇದ್ದಲ್ಲಿ ಅದರ ಪ್ರತಿ.

ರಾಜ್ಯದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತದೆ. ಇದರಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವನ್ನೂ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ, ನೆರವನ್ನೂ ನಿಗದಿಪಡಿಸಲಾಗಿದೆ. ಎಲ್ಲ ಚಿಕಿತ್ಸೆಗಳೂ ಯೋಜನೆಯ ಪಟ್ಟಿಯಲ್ಲಿರುವುದಿಲ್ಲ. ವೈದ್ಯರು ಸೂಚಿಸಿದ ನಿರ್ದಿಷ್ಟ ಶಸ್ತ್ರಚಿಕಿತ್ಸೆಯು ಪಟ್ಟಿಯಲ್ಲಿದೆಯೇ, ರೆಫರಲ್ ಪತ್ರ ಬೇಕೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು.

ಕೃತಕ ಮಂಡಿ ಕೀಲುಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಕೀಲಿನ ಭಾಗಗಳನ್ನೂ ಬದಲಿಸಬೇಕಾದಲ್ಲಿ, ಅವುಗಳ ಬೆಲೆಯನ್ನು ಶಸ್ತ್ರಚಿಕಿತ್ಸಾ ಶುಲ್ಕದಿಂದ ಪ್ರತ್ಯೇಕವಾಗಿ ತೋರಿಸಿದ ಬಿಲ್ಲನ್ನು ಕೇಳಿ ಪಡೆಯುವುದು.

ಚಿಕಿತ್ಸೆ ಪೂರ್ಣಗೊಂಡ ನಂತರವೂ ಶಾಶ್ವತ ನ್ಯೂನತೆ ಉಳಿದಲ್ಲಿ, ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಬಹುದು. ನ್ಯೂನತೆಯ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ. ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ನ್ಯೂನತೆ ಇರಬೇಕಾಗುತ್ತದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಜ್ಜು ಹರಿದರೆ ಕೃತಕ ಕೀಲನ್ನೂ ಬದಲಾಯಿಸಬೇಕೇ?
ಉತ್ತರ: ಎಲ್ಲ ಸಂದರ್ಭಗಳಲ್ಲಿ ಬೇಕಿಲ್ಲ. ಕೀಲು ಸಡಿಲವಾಗಿದ್ದರೆ, ಓರೆಯಾಗಿದ್ದರೆ ಅಥವಾ ಸೋಂಕು ತಗುಲಿದ್ದರೆ ಬದಲಾಯಿಸಬೇಕಾಗುತ್ತದೆ.

ಪ್ರಶ್ನೆ: ಮೂರು ತಿಂಗಳು ಪ್ಲಾಸ್ಟರ್ ಇದ್ದರೆ ಮಂಡಿ ಬಿಗಿದುಕೊಳ್ಳುವುದಿಲ್ಲವೇ?
ಉತ್ತರ: ಆರಂಭದಲ್ಲಿ ಬಿಗಿತವಿರುತ್ತದೆ. ಅದು ಕ್ರಮೇಣ ಸಡಿಲವಾಗುತ್ತದೆ. ಅವಸರದಲ್ಲಿ ಬಗ್ಗಿಸಿ ಸಡಿಲಗೊಂಡ ರಜ್ಜು ಮಾತ್ರ ತಾನಾಗಿ ಮತ್ತೆ ಬಿಗಿಯಾಗುವುದಿಲ್ಲ. ಆದುದರಿಂದ ಅವಧಿಗೆ ಮುನ್ನ ಪ್ಲಾಸ್ಟರ್ ತೆಗೆಸಬಾರದು.

ಪ್ರಶ್ನೆ: ರಜ್ಜು ಹರಿದು ಆರು ತಿಂಗಳಾಗಿದೆ. ಈಗ ಚಿಕಿತ್ಸೆ ಸಾಧ್ಯವೇ?
ಉತ್ತರ: ಸಾಧ್ಯವಿದೆ. ಬರೀ ಹೊಲಿಗೆ ಸಾಲದು. ಜಾಲರಿ ಅಥವಾ ದಾನಿ ಅಂಗಾಂಶದ ವಿಧಾನ ಬೇಕಾಗುತ್ತದೆ.

ಪ್ರಶ್ನೆ: ರೋಗಿಯ ವಯಸ್ಸು ಹೆಚ್ಚಾಗಿದ್ದು, ಹೃದಯದ ತೊಂದರೆಯಿಂದ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಿದ್ದರೆ?
ಉತ್ತರ: ನಡೆಯುವಾಗ ಮಂಡಿಯನ್ನು ನೇರವಾಗಿ ಹಿಡಿದು, ಕೂರುವಾಗ ಬಿಚ್ಚಿಕೊಳ್ಳುವ ಬೀಗವಿರುವ ಬ್ರೇಸ್ ಬಳಸಬಹುದು. ಇದರಿಂದ ರಜ್ಜು ಕೂಡುವುದಿಲ್ಲ. ಆದರೆ ಬೀಳುವುದನ್ನು ತಪ್ಪಿಸಬಹುದು.

14. ವಿಶೇಷ ಸೂಚನೆ

ಮಂಡಿ ಕೀಲು ಬದಲಾವಣೆ ಮಾಡಿಸಿಕೊಂಡಿರುವ ಪ್ರತಿಯೊಬ್ಬರೂ ಬಿದ್ದ ಅಥವಾ ಎಡವಿದ ದಿನ ಒಮ್ಮೆ ಮಲಗಿ ಕಾಲನ್ನು ನೇರವಾಗಿ ಎತ್ತಿ ನೋಡುವುದು. ಎತ್ತಲು ಆಗದಿದ್ದಲ್ಲಿ ಪದೇ ಪದೇ ಪ್ರಯತ್ನಿಸದೆ, ಮಂಡಿಯನ್ನು ನೇರವಾಗಿರಿಸಿಕೊಂಡು ಅದೇ ದಿನ ಅಥವಾ ಮರುದಿನ ಮೂಳೆ ರೋಗ ತಜ್ಞರನ್ನು ಕಾಣತಕ್ಕದ್ದು. ‘ಮೂಳೆ ಮುರಿದಿಲ್ಲ’ ಎಂಬ ವರದಿ ಬಂದ ಮಾತ್ರಕ್ಕೆ ತಪಾಸಣೆಯನ್ನು ನಿಲ್ಲಿಸದೆ, ‘ರಜ್ಜು ಸರಿಯಿದೆಯೇ’ ಎಂದು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು.

ಇಲ್ಲಿ ನೀಡಿರುವ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಚಿಕಿತ್ಸೆಯ ಬಗ್ಗೆ ಅಂತಿಮ ತೀರ್ಮಾನವನ್ನು ರೋಗಿಯನ್ನು ಖುದ್ದಾಗಿ ಪರೀಕ್ಷಿಸಿದ ತಜ್ಞರ ಸಲಹೆಯಂತೆ ಕೈಗೊಳ್ಳತಕ್ಕದ್ದು.